ಇಬ್ಬರು ಜಾನ್ ವುಡ್, ಇಬ್ಬರು ಮಟಿಲ್ಡಾ ವುಡ್

ಪ್ರಿಯ ಓದುಗರೇ, ನಮಸ್ಕಾರ.

ಭಾರತದಲ್ಲಿ ನಡೆದ 1858ರ ಕಾಳಗಕ್ಕೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಸೇನಾಧಿಕಾರಿ ಎವೆಲಿನ್ ವುಡ್ ಮತ್ತು ಲಂಡನ್ನಿನ ಮ್ಯೂಸಿಕ್ ಹಾಲ್ (ಹಾಡು, ಹಾಸ್ಯದ ಜನಪ್ರಿಯ ರಂಗಮಂದಿರ) ಗಾಯಕಿ ಮೇರಿ ಲಾಯ್ಡ್ ಒಂದೇ ಮನೆತನದವರಿರಬೇಕು ಎಂದು ಬರೆದಿದ್ದೀರಿ. ಮೇರಿಯ ಹುಟ್ಟುಹೆಸರು ಮಟಿಲ್ಡಾ ವುಡ್, ಇಬ್ಬರ ತಂದೆಯೂ ಜಾನ್ ವುಡ್ ಎಂಬುದು ನಿಮ್ಮ ಆಧಾರ. ಹೆಸರು ಹೊಂದಿತೆಂದು ನೆಂಟಸ್ತನ ಕಟ್ಟಲಾಗದು. ಎವೆಲಿನ್ ತಂದೆ ಜಾನ್ ಪೇಜ್ ವುಡ್ ಎಸೆಕ್ಸ್‌ನ ಕ್ರೆಸಿಂಗ್‌ನಲ್ಲಿ ಪಾದ್ರಿ, ಜೊತೆಗೆ ಬ್ಯಾರೊನೆಟ್ ಎಂಬ ವಂಶಪಾರಂಪರ್ಯದ ಬಿರುದಿದ್ದವರು. ಮೇರಿಯ ತಂದೆ ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ಕೃತಕ ಹೂ ಕಟ್ಟುತ್ತಿದ್ದವರು, ಈಗಲ್ ಎಂಬ ಪಾನಗೃಹದಲ್ಲಿ ವೇಟರ್.

ಇಂಥ ಗೊಂದಲ ಬಿಡಿಸುವುದು ದಾಖಲೆಯ 'ತಂದೆಯ ಉದ್ಯೋಗ' ಎಂಬ ಕಲಮು. ಇಂಗ್ಲೆಂಡ್‌ನಲ್ಲಿ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಸೂಚಿಯಲ್ಲಿ ಹೆಸರು ಸಿಕ್ಕಿತೆಂದು ನಿಲ್ಲಬೇಡಿ, ಪ್ರಮಾಣಪತ್ರದ ನಕಲನ್ನೇ ತರಿಸಿ. ಜನನಪತ್ರದಲ್ಲಿ ತಾಯಿಯ ತವರಿನ ಅಡ್ಡಹೆಸರು ಇರುತ್ತದೆ. ವಿವಾಹಪತ್ರದಲ್ಲಿ ವಧೂವರರಿಬ್ಬರ ತಂದೆಯರ ಹೆಸರು, ಉದ್ಯೋಗ ಇರುತ್ತವೆ. 1837ಕ್ಕೂ ಹಿಂದಿನವರಿಗೆ ಚರ್ಚಿನ ಪುಸ್ತಕಗಳೇ ಗತಿ. ಜನಗಣತಿ ನೋಡುವಾಗ 1841ರದ್ದನ್ನು ಪೂರ್ತಿ ನಂಬಬೇಡಿ. ಹದಿನೈದು ದಾಟಿದವರ ವಯಸ್ಸನ್ನು ಅದರಲ್ಲಿ ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿದ್ದಾರೆ, 34ರವನು 30 ಆಗಿರುತ್ತಾನೆ. ಮನೆಯವರ ಪರಸ್ಪರ ಸಂಬಂಧವನ್ನು ಬರೆದದ್ದು 1851ರಿಂದ.

ರಂಗದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮೇರಿಯ ತಂಗಿಯರಲ್ಲಿ ಆಲಿಸ್ 'ಲಾಯ್ಡ್' ಆದರು, ಡೈಸಿ 'ವುಡ್' ಆಗಿಯೇ ಹಾಡಿದರು. ಅದೇ ಕಾಲದ ಹೆಸರಾಂತ ನಟಿ 'ಮಿಸೆಸ್ ಜಾನ್ ವುಡ್' ಕೂಡ ಮಟಿಲ್ಡಾ! ಆದರೆ ಆಕೆಯ ತವರು ವೈನಿಂಗ್ ಎಂಬ ನಟರ ಮನೆತನ. ವುಡ್ ಗಂಡನ ಹೆಸರು. ಹಾಗಾಗಿ ರಂಗದ ಹೆಸರಿನಿಂದ ಹುಡುಕದೆ, ಹುಟ್ಟುಹೆಸರು ಹಿಡಿದು ಹೊರಡಿ. ಎವೆಲಿನ್ ಹೆಸರು ಕೂಡ ಪೂರ್ತಿಯಾಗಿ ಹೆನ್ರಿ ಎವೆಲಿನ್ ವುಡ್.

ಪದಕದ ಬಗ್ಗೆ: ಹಿಂಬದಿಯ ನಡುವಿನ ವೃತ್ತದಲ್ಲಿ ಸಾಹಸದ ದಿನಾಂಕ, ಪದಕ ತೂಗುವ ಲೋಹದ ಪಟ್ಟಿಯ ಹಿಂಬದಿಯಲ್ಲಿ ಪಡೆದವರ ಹೆಸರು, ದರ್ಜೆ, ದಳ ಕೆತ್ತಿರುತ್ತಾರೆ. ತಂದೆತಾಯಿ ಯಾರೆಂಬುದು ಅಲ್ಲಿ ಸಿಗುವುದಿಲ್ಲ. ಸಾಹಸದ ವಿವರಕ್ಕೆ ಬ್ರಿಟನ್ನಿನ ಸರ್ಕಾರಿ ಪತ್ರಿಕೆ ಲಂಡನ್ ಗೆಜೆಟ್ ನೋಡಬೇಕು. ಎವೆಲಿನ್‌ರದ್ದು 1860ರ ಸೆಪ್ಟೆಂಬರ್ 4ರಂದು ಪ್ರಕಟವಾಯಿತು. 1858ರ ಅಕ್ಟೋಬರ್ 19ರಂದು ಸಿಂದ್ವಾಹೋದಲ್ಲಿ ಹೆಚ್ಚುಕಡಿಮೆ ಒಬ್ಬರೇ ಬಂಡಾಯಗಾರರ ಗುಂಪೊಂದರ ಮೇಲೆ ನುಗ್ಗಿದ್ದು ಅದರಲ್ಲಿದೆ. ಆಮೇಲೆ ಸಿಂಧೋರಾ ಬಳಿ, ಗಲ್ಲಿಗೇರಿಸಲೆಂದು ದರೋಡೆಕೋರರು ಕಾಡಿಗೆ ಎಳೆದೊಯ್ದಿದ್ದ ಪಟೇಲ ಚೆಮ್ಮನ್ ಸಿಂಗ್‌ರನ್ನು ಬಿಡಿಸಿ ತಂದದ್ದೂ ಇದೆ. ಆ ಕೆಲಸಕ್ಕೆ ಜೊತೆಗಿದ್ದವರು ಒಬ್ಬ ದಫೇದಾರ, ಒಬ್ಬ ಸವಾರ. ಗೆಜೆಟ್ ಅವರ ಹೆಸರನ್ನೇ ಬರೆದಿಲ್ಲ. ಭಾರತೀಯ ಸೈನಿಕರಿಗೆ ಈ ಪದಕದ ಅರ್ಹತೆ ಬಂದದ್ದು 1911ರಲ್ಲಿ. ಅಡ್ಡಹೆಸರಿನ ನೆಂಟಸ್ತನಕ್ಕಿಂತ ನಮ್ಮನ್ನು ಕಾಡುವುದು ಆ ಖಾಲಿ ಜಾಗ.

— ಸಂಪಾದಕ