ಸಾರ್ಕಾಯ್ಡೋಸಿಸ್ ಅಂದರೆ ಕ್ಯಾನ್ಸರಾ?

ಪ್ರಶ್ನೆ: ಅಪ್ಪನಿಗೆ 54 ವರ್ಷ. ಎದೆಯ ಸ್ಕ್ಯಾನಿನಲ್ಲಿ ಗ್ರಂಥಿಗಳು ಊದಿವೆ, ಸಾರ್ಕಾಯ್ಡೋಸಿಸ್ ಇರಬೇಕು ಎಂದಿದ್ದಾರೆ. ಮುಂದೆ ಕ್ಯಾನ್ಸರಿಗೆ ತಿರುಗುತ್ತದೆಯೇ? – ಬದಿಯಡ್ಕದ ಓದುಗರು

ಉತ್ತರ: ತಿರುಗುವುದಿಲ್ಲ. ರೋಗನಿರೋಧಕ ಕೋಶಗಳು ಗುಂಪುಗೂಡಿ ಆಗುವ ಈ ಗಂಟುಗಳು (ಗ್ರಾನುಲೋಮಾ) ಕ್ಯಾನ್ಸರ್ ಆಗುವಂಥವಲ್ಲ. 1899ರಲ್ಲಿ ನಾರ್ವೆಯ ಬೋಕ್ ಚರ್ಮದ ಗಂಟೊಂದು ಸಾರ್ಕೋಮಾ ಎಂಬ ಕ್ಯಾನ್ಸರಿನ ಹಾಗೆ ಕಂಡಿತೆಂದು ಇಟ್ಟ ಹೆಸರು ಇಂದಿಗೂ ಜನರ ನಿದ್ದೆ ಕೆಡಿಸುತ್ತಿದೆ. 2015ರಲ್ಲಿ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೇರೆಯವರಲ್ಲಿ ನೂರು ಕ್ಯಾನ್ಸರ್ ಬರುವ ಕಡೆ ಸಾರ್ಕಾಯ್ಡೋಸಿಸ್ ಇರುವವರಲ್ಲಿ ಸುಮಾರು 119. ರಕ್ತ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರ್ ಹೆಚ್ಚುಕಡಿಮೆ ಇಮ್ಮಡಿ. ಅದು ಮೊದಲೇ ಅಪರೂಪದ್ದು.

ಈ ಹೆಚ್ಚಳ ಎದ್ದು ಕಾಣುವುದು ರೋಗ ಪತ್ತೆಯಾದ ಮೊದಲ ವರ್ಷಗಳಲ್ಲಿ. ಎಂದರೆ ಕೆಲವರಲ್ಲಿ ಕ್ಯಾನ್ಸರ್ ಆಗಲೇ ಇತ್ತು, ಗೊತ್ತಾಗಿರಲಿಲ್ಲ. ಕ್ಯಾನ್ಸರ್ ಗಡ್ಡೆಯ ಪಕ್ಕದ ಗ್ರಂಥಿಯಲ್ಲೂ ಇಂಥದೇ ಗ್ರಾನುಲೋಮಾ ಏಳಬಹುದು, ಹಾಜ್ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರಿನಲ್ಲಂತೂ ನೂರರಲ್ಲಿ ಹದಿನಾಲ್ಕು ಮಂದಿಗೆ. ಹಾಗಾಗಿ ಹತ್ತು ವರ್ಷದ ಮುಂದಿನ ಚಿಂತೆ ಬಿಟ್ಟು, 'ಇರಬೇಕು' ಎಂದದ್ದನ್ನು ಬಯಾಪ್ಸಿಯಿಂದ ಖಚಿತಪಡಿಸಿಕೊಳ್ಳಿ. ಪೆಟ್ ಸ್ಕ್ಯಾನಿನಲ್ಲಿ ಸಾರ್ಕಾಯ್ಡೋಸಿಸ್, ಕ್ಯಾನ್ಸರ್ ಎರಡೂ ಒಂದೇ ಥರ ಹೊಳೆಯುತ್ತವೆ. ರಕ್ತದ ಎಸಿಇ ಎಂಬ ಕಿಣ್ವದ ಮಟ್ಟವಷ್ಟೇ ನೋಡಿ ತೀರ್ಮಾನಿಸುವವರ ಕೈಗೆ ಫೈಲು ಕೊಡಬೇಡಿ.

ಈ ಬಯಾಪ್ಸಿಗೆ ಶ್ವಾಸನಾಳದೊಳಗಿಂದ ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಗ್ರಂಥಿಗೆ ಸೂಜಿ ಹಾಕಿ ಅಂಶ ತೆಗೆಯುವುದು ಇಬಸ್. ತೆಗೆದ ಅಂಶವನ್ನೆಲ್ಲ ಒಂದೇ ಬಾಟಲಿಗೆ ಸುರಿಯುವುದೇ ಹಲವೆಡೆ ಆಗುವ ತಪ್ಪು. ಒಂದು ಪಾಲು ಫಾರ್ಮಲಿನ್‌ಗೆ, ಸೂಕ್ಷ್ಮದರ್ಶಕದಲ್ಲಿ ನೋಡಲು. ಇನ್ನೊಂದು ಸಲೈನಿನಲ್ಲಿ ಟಿಬಿ ಕಲ್ಚರ್ (ಕ್ರಿಮಿ ಬೆಳೆಸಿ ನೋಡುವುದು), ಸಿಬಿನಾಟ್ (ಟಿಬಿ ಕ್ರಿಮಿಯ ಜೀನ್ ಪರೀಕ್ಷೆ) ಇವುಗಳಿಗೆ. ಲಿಂಫೋಮಾ ಸಂಶಯವಿದ್ದರೆ ಮೂರನೆಯದು ಜೀವಕೋಶಗಳ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿಗೆ. ಫಾರ್ಮಲಿನ್ ಮುಟ್ಟಿದ ಮೇಲೆ ಟಿಬಿ ಕ್ರಿಮಿ ಬೆಳೆಯದು, ಫ್ಲೋ ಕೂಡ ಆಗದು. ಇದೆಲ್ಲ ಸ್ಟೀರಾಯ್ಡ್ ಶುರುವಾಗುವ ಮೊದಲೇ ಆಗಬೇಕು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಲಿಂಫೋಮಾವನ್ನೂ ಕೆಲವು ಕಾಲ ಕುಗ್ಗಿಸುತ್ತದೆ. 'ಮದ್ದು ಹಿಡಿಯಿತು' ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಒಳಗಿರುವುದು ಟಿಬಿಯಾದರೆ ಅದು ಕೆರಳುತ್ತದೆ.

ಮಂಗಳೂರು, ಪರಿಯಾರ ಎಂದು ಎರಡನೇ ಅಭಿಪ್ರಾಯಕ್ಕೆ ಓಡುವವರು ರಿಪೋರ್ಟಿನ ಜೆರಾಕ್ಸ್ ಹೊತ್ತು ಹೋಗುತ್ತಾರೆ. ಅದು ಸಾಲದು; ಬಯಾಪ್ಸಿಯ ಸ್ಲೈಡು, ಅಂಶ ಹುದುಗಿಸಿಟ್ಟ ಮೇಣದ ಬ್ಲಾಕು ಕೇಳಿ ತೆಗೆದುಕೊಳ್ಳಿ.

ಒಂದೇ ಬದಿಯ ಗ್ರಂಥಿ, ಮದ್ದಿನಲ್ಲಿದ್ದೂ ಬೆಳೆಯುವ ಗಂಟು, ತೂಕ ಇಳಿಯುವುದು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು: ಇಂಥಲ್ಲಿ ಹಳೆಯ ರಿಪೋರ್ಟನ್ನು ನಂಬಿ ಕೂರದೆ ಮತ್ತೆ ಬಯಾಪ್ಸಿ ಮಾಡಿಸಿ.

ಪ್ರಶ್ನೆ: ಎಂಡೋಸಲ್ಫಾನಿನಿಂದ ಬಂತೇ?

ಉತ್ತರ: ಈ ಕೀಟನಾಶಕವನ್ನು ಕಾಸರಗೋಡಿನ ಗೇರುತೋಟಗಳ ಮೇಲೆ ಸಿಂಪಡಿಸಿದ್ದು, ಜನ ನೊಂದದ್ದು ನಿಜ. ಸಾರ್ಕಾಯ್ಡೋಸಿಸ್‌ಗೆ ಅದು ಕಾರಣ ಎನ್ನಲು ಆಧಾರವಿಲ್ಲ.

ಪ್ರಶ್ನೆ: ಸುಸ್ತಿಗೆ ವಿಟಮಿನ್ ಡಿ 60,000 ಯೂನಿಟ್ ವಾರಕ್ಕೊಮ್ಮೆ ತೆಗೆದುಕೊಳ್ಳಲೇ?

ಉತ್ತರ: ಕ್ಯಾಲ್ಸಿಯಂ ನೋಡದೆ ಬೇಡ. ಗ್ರಾನುಲೋಮಾ ತಾನೇ ಸಕ್ರಿಯ ಡಿ ತಯಾರಿಸುತ್ತದೆ. ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಬಹುದು.

ಪ್ರಶ್ನೆ: ಪಂಡಿತರ ಕಷಾಯ ಕುಡಿದು ಸ್ಟೀರಾಯ್ಡ್ ಬಿಟ್ಟರೆ?

ಉತ್ತರ: ತಿಂಗಳುಗಟ್ಟಲೆ ತಿಂದದ್ದನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಐಸಿಯು ಸೇರಬೇಕಾದೀತು. ಪಂಡಿತರು ಅಲ್ಲಿಗೆ ಬರುವುದಿಲ್ಲ.