ಮಾಯಾ ಕೊಡಕ್ಕೆ ಮೂರು ಹಿಡಿ ಯಾಕೆ?

ಮೆಕ್ಸಿಕೊದ ಚಿಯಾಪಾಸ್ ರಾಜ್ಯದಲ್ಲಿ ಮೂಲನಿವಾಸಿ ಮಾಯಾ ಜನರ ನೀರಿನ ಕೊಡಕ್ಕೆ ಮೂರು ಹಿಡಿ ಯಾಕೆ, ಸೊಂಟದ ಮೇಲೆ ಹೇಗೆ ಕೂರುತ್ತೆ ಅಂತ ಕೇಳಿದ್ದೀರಿ. ಸೊಂಟದ ಮೇಲಲ್ಲ ಸರ್, ಅದನ್ನು ಬೆನ್ನ ಮೇಲೆ ಹೊರುತ್ತಿದ್ದರು. ಪಕ್ಕದ ಎರಡು ಹಿಡಿಗಳಿಗೆ ಹಗ್ಗ ಹಾಕಿ, ಹಗ್ಗದ ಅಗಲ ಪಟ್ಟಿಯನ್ನು ಹಣೆಗೆ ಕೊಟ್ಟು ಗುಡ್ಡ ಹತ್ತುವುದು. ಆಗ ಎರಡೂ ಕೈ ಖಾಲಿ. ಮೂರನೆಯ ಹಿಡಿ ಕತ್ತಿನ ಹತ್ತಿರ, ಎತ್ತಿ ಬಗ್ಗಿಸಿ ಸುರಿಯುವುದಕ್ಕೆ. ಗ್ವಾಟೆಮಾಲಾದ ಚಿನಾವುಟ್ಲಾದಲ್ಲಾದರೆ ಹೆಂಗಸರು ತಲೆ ಮೇಲೆಯೇ ಹೊರುತ್ತಿದ್ದರು.

ಚಿಯಾಪಾಸ್‌ನ ಅಮಾತೆನಾಂಗೊ ಊರಿನ ತ್ಸೆಲ್ತಾಲ್ (ಮಾಯಾ ಜನರ ಒಂದು ಗುಂಪು) ಹೆಂಗಸರು ತಿಗರಿ ಇಲ್ಲದೆ ಕೈಯಲ್ಲೇ ಕೊಡ ಕಟ್ಟುತ್ತಾರೆ, ಭಟ್ಟಿ ಇಲ್ಲದೆ ಬಯಲಲ್ಲೇ ಸೌದೆ ಒಟ್ಟಿ ಸುಡುತ್ತಾರೆ. ಅಷ್ಟು ದೊಡ್ಡ ಪಾತ್ರೆ ಬಿರುಕು ಬಿಡದೆ ಬರುವುದು ನನಗಂತೂ ಮಹಾ ವಿದ್ಯೆ! ಗಾಜಿನ ಲೇಪ ಇಲ್ಲದ್ದರಿಂದ ನೀರು ಸಣ್ಣಗೆ ಜಿನುಗಿ ಆರುತ್ತೆ, ಒಳಗಿನದು ತಣ್ಣಗಿರುತ್ತೆ.