ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಎಲ್ಲಿದೆ ನಿಕೋಡೆಮಸ್?

ಪ್ರಶ್ನೆ: ಮೇಷ್ಟ್ರೇ, ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಜನ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ಹೋಗಿ ನೆಲೆಸಿದರು ಎಂದು ಓದಿದ್ದೇನೆ. ಚಿತ್ರಗಳಲ್ಲಿ ಕಾಣುವವರೆಲ್ಲ ಬಿಳಿಯರೇ. ಬಿಡುಗಡೆಯಾದ ಗುಲಾಮರೂ ಹೋದರೇ? ಸರ್ಕಾರವೇ ಪುಕ್ಕಟೆ ಜಮೀನು ಕೊಟ್ಟಮೇಲೆ ಅವರ ಕಷ್ಟ ತೀರಿರಬೇಕಲ್ಲವೇ?
(ಓದುಗರೊಬ್ಬರು, ಸಾಗರ)

ಉತ್ತರ: ಹೋದರು, ಸಾವಿರಾರು ಮಂದಿ ಹೋದರು. ಕನ್ಸಾಸ್ ರಾಜ್ಯ ಒಂದನ್ನೇ ನೋಡಿ. 1860ರ ಜನಗಣತಿಯಲ್ಲಿ ಅಲ್ಲಿದ್ದ ಕಪ್ಪು ಜನ 627. 1880ಕ್ಕೆ 43,107. ಕಷ್ಟ ತೀರಿತೇ ಎಂದು ಕೇಳಿದ್ದೀರಿ. ಅದಕ್ಕೆ ಆ ರಾಜ್ಯದ ನಿಕೋಡೆಮಸ್ ಎಂಬ ಊರಿಗೆ ಹೋದ ಒಂದು ಸಂಸಾರದ ಕತೆಯನ್ನೇ ಹೇಳಬೇಕು.

ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ಡೇನಿಯಲ್ ಹಿಕ್‌ಮನ್ ಎಂಬ ಪಾದ್ರಿ ಇದ್ದ. ಹೆಂಡತಿ ವಿಲಿಯಾನಾ. ಕೆಂಟಕಿ ಒಕ್ಕೂಟದಿಂದ ಬೇರೆಯಾಗದ ರಾಜ್ಯವಾದ್ದರಿಂದ ಗುಲಾಮರ ಬಿಡುಗಡೆ ಸಾರಿದ ಲಿಂಕನ್ನನ 1863ರ ಘೋಷಣೆ ಅಲ್ಲಿಗೆ ಅನ್ವಯಿಸಲೇ ಇಲ್ಲ. 1865ರ ಏಪ್ರಿಲ್‌ನಲ್ಲಿ ಯುದ್ಧ ನಿಂತರೂ ಡಿಸೆಂಬರ್‌ನಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ ಸಂವಿಧಾನದ 13ನೇ ತಿದ್ದುಪಡಿ ಬರುವವರೆಗೆ ಅಲ್ಲಿಯ ಎಷ್ಟೋ ಮಂದಿ ಗುಲಾಮರಾಗಿಯೇ ಉಳಿದರು. ಆಮೇಲೆ ಸಂಕೋಲೆ ಕಳಚಿತು, ಕಾಲ ಕೆಳಗಿನ ನೆಲ ಮಾತ್ರ ಹಳೆಯ ಒಡೆಯರದ್ದೇ. ಯುದ್ಧದ ಕೊನೆಯಲ್ಲಿ ಜನರಲ್ ಶೆರ್ಮನ್ ದಕ್ಷಿಣದ ಕಡಲಂಚಿನಲ್ಲಿ ಬಿಡುಗಡೆಯಾದವರ ಪ್ರತಿ ಸಂಸಾರಕ್ಕೆ 40 ಎಕರೆಯವರೆಗೆ ಕೊಡಲು ಆಜ್ಞೆ ಹೊರಡಿಸಿದ್ದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯನ್ನು ಹಳೆಯ ಮಾಲೀಕರಿಗೇ ಮರಳಿಸಿದ.

ಹಾಗಾಗಿ ದಕ್ಷಿಣದಲ್ಲಿ ಉಳಿದ ದಾರಿ ಪಾಲಿಗೆ ಬೇಸಾಯ ಮಾಡುವುದು. ಬೀಜ, ಹೇಸರಗತ್ತೆ, ಜೋಳದ ಹಿಟ್ಟು ಎಲ್ಲವೂ ಸಾಲ. ಲೆಕ್ಕದ ಪುಸ್ತಕ ಒಡೆಯನ ಅಥವಾ ಅಂಗಡಿಯವನ ಕೈಯಲ್ಲಿ. ಸುಗ್ಗಿ ಮುಗಿದಾಗ ರೈತನೇ ಇನ್ನಷ್ಟು ಕೊಡಬೇಕು ಎಂದಾಗುತ್ತಿತ್ತು. ನೀವು ಸಾಗರದವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಇಂಥದ್ದೇ ಕಾರಣಕ್ಕೆ. ಗೇಣಿ ಅಳೆಯುವಾಗ ಕೊಳಗ ದೊಡ್ಡದಾಗುತ್ತಿತ್ತು. ನನ್ನ ಅಪ್ಪನೂ ಗೇಣಿದಾರ. 1974ರ ಭೂಸುಧಾರಣೆ ಕಾಯ್ದೆ ಬಂದಮೇಲೆ ಡಿಕ್ಲರೇಷನ್ ಕೊಟ್ಟು ತಾನು ಉಳುತ್ತಿದ್ದ ಗದ್ದೆಯನ್ನೇ ಪಡೆದ. ಊರು ಬಿಡಬೇಕಾಗಲಿಲ್ಲ. ಹಿಕ್‌ಮನ್‌ನಂಥವರಿಗೆ ಬೆವರು ಸುರಿಸಿದ ನೆಲ ಸಿಗಲಿಲ್ಲ. ಭೂಮಿ ಬೇಕೆಂದರೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಹೋಗಬೇಕಿತ್ತು. ಈ ವ್ಯತ್ಯಾಸ ನನ್ನನ್ನು ಇವತ್ತಿಗೂ ಕಾಡುತ್ತದೆ.

ಕನ್ಸಾಸನ್ನೇ ಏಕೆ ಆರಿಸಿಕೊಂಡರು? ಗುಲಾಮಗಿರಿ ಬೇಡವೆಂದು ರಕ್ತ ಹರಿಸಿ 1861ರಲ್ಲಿ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಒಕ್ಕೂಟ ಸೇರಿದ ನಾಡು ಅದು. ಗುಲಾಮಗಿರಿಯ ವಿರುದ್ಧ ಜಾನ್ ಬ್ರೌನ್ ಹೋರಾಡಿದ ನೆಲ. 1877ರಲ್ಲಿ ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಮತ್ತು ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿ ಸೇರಿ ಸಾಲೊಮನ್ ನದಿಯ ಬಯಲಿನಲ್ಲಿ ನಿಕೋಡೆಮಸ್ ಎಂಬ ಊರು ಗುರುತು ಮಾಡಿದರು. ಕಪ್ಪು ಜನರದ್ದೇ ಊರು ಎಂದು ಕರಪತ್ರ ಹಂಚಿದರು. ಸೆಪ್ಟೆಂಬರ್‌ನಲ್ಲಿ ಕೆಂಟಕಿಯಿಂದ ಮುನ್ನೂರಕ್ಕೂ ಹೆಚ್ಚು ಜನ ಬಂದಿಳಿದರು. ಬಿತ್ತನೆಯ ಕಾಲ ಮೀರಿತ್ತು. ಮರವಿಲ್ಲ, ಮನೆಯಿಲ್ಲ. ಕೆಲವು ಸಂಸಾರಗಳು ಅದನ್ನು ಕಂಡೇ ವಾಪಸ್ ಹೋದವು.

ಹಿಕ್‌ಮನ್ ದಂಪತಿ ಬಂದದ್ದು 1878ರ ವಸಂತದಲ್ಲಿ. ರೈಲು ಎಲ್ಲಿಸ್ ಎಂಬ ಊರಿನವರೆಗೆ. ಅಲ್ಲಿ ಮಕ್ಕಳಿಗೆ ದಡಾರ ಎದ್ದಿತು, ತಂಡದ ಕೆಲವು ಮಕ್ಕಳನ್ನು ಅಲ್ಲಿಯೇ ಮಣ್ಣು ಮಾಡಬೇಕಾಯಿತು. ಮುಂದೆ ಸುಮಾರು 55 ಕಿಲೋಮೀಟರ್ ರಸ್ತೆಯೇ ಇಲ್ಲ. ದಿಕ್ಸೂಚಿ ನೋಡಿಕೊಂಡು ಜಿಂಕೆಗಳ ಜಾಡಿನಲ್ಲಿ ಸಾಗಿದರು. ರಾತ್ರಿ ಗಂಡಸರು ಬೆಂಕಿ ಹಾಕಿ ಕಾವಲು ಕೂತರು. ಕೊನೆಗೆ ‘ಅದೋ ನಿಕೋಡೆಮಸ್’ ಎಂಬ ಕೂಗು ಕೇಳಿ, ಮೈ ಹುಷಾರಿಲ್ಲದ ವಿಲಿಯಾನಾ ತಲೆಯೆತ್ತಿ ಎಲ್ಲಿದೆ ಎಂದು ಕೇಳಿದಳು. ಗಂಡ ಕೈ ತೋರಿಸಿದ ಕಡೆ ನೆಲದಿಂದ ಹೊಗೆ ಏಳುತ್ತಿತ್ತು. ಜನ ನೆಲ ಅಗೆದು ಬಿಲಗಳಲ್ಲಿ ಬಾಳುತ್ತಿದ್ದರು. ಅವಳು ಅಳತೊಡಗಿದಳು. ಮುಂದೆ ಅವಳೇ ಇದನ್ನು ನೆನೆದು ಹೇಳಿದ್ದಾಳೆ.

ಇನ್ನು ‘ಪುಕ್ಕಟೆ’ ಎಂಬ ಮಾತು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆಗೆ ಶುಲ್ಕ ಎಲ್ಲ ಸೇರಿ 18 ಡಾಲರ್. ಐದು ವರ್ಷ ಅಲ್ಲಿಯೇ ವಾಸವಿದ್ದು ಸಾಗುವಳಿ ಮಾಡಿದರೆ ಮಾತ್ರ ಹಕ್ಕುಪತ್ರ. ಆ ಐದು ವರ್ಷ ಉಣ್ಣುವುದೇನು? ಉಳಲು ಕುದುರೆ ಬೆರಳೆಣಿಕೆಯಷ್ಟು. ಮಿಕ್ಕವರು ಗುದ್ದಲಿಯಲ್ಲೇ ಹುಲ್ಲುಗಾವಲು ಕಡಿದರು. ಒಲೆಗೆ ಒಣಸಗಣಿ, ಸೂರ್ಯಕಾಂತಿಯ ದಂಟು. ಗಂಡಸರು ದೂರದ ರೈಲ್ವೆ ಕೂಲಿಗೆ ಹೊರಟರೆ, ಹಕ್ಕು ತಪ್ಪದಂತೆ ಆ ಜಮೀನಿನಲ್ಲಿ ಉಳಿದು ಸಾಗುವಳಿ ಮಾಡಿದವರು ಹೆಂಗಸರು. ಅಳುತ್ತ ಬಂದವರು ಊರು ಉಳಿಸಿದರು. ನಿಕೋಡೆಮಸ್‌ನ ಹೆಸರು ಹೇಳುವಾಗ ಹಿಲ್ ಮತ್ತು ಸ್ಮಿತ್‌ಗಿಂತ ಮೊದಲು ಆ ಹೆಂಗಸರ ಹೆಸರು ಬರಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಆ ‘ಖಾಲಿ’ ಜಮೀನು ಮೊದಲು ಯಾರದ್ದಾಗಿತ್ತು?
(ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ಆ ಬಯಲಲ್ಲಿ ಪಾನೀ, ಶೆಯೆನ್ ಮುಂತಾದ ಮೂಲನಿವಾಸಿಗಳು ಬೇಟೆಯಾಡಿ ಬದುಕಿದ್ದರು. ಅವರನ್ನೆಲ್ಲ ಹೊರದಬ್ಬಿದ ಮೇಲೆಯೇ ಸರ್ಕಾರ ಅದನ್ನು ಹಂಚಿದ್ದು. ಓಸೇಜ್ ಜನರೂ ಕನ್ಸಾಸ್‌ನ ತಮ್ಮ ನೆಲ ಬಿಟ್ಟು 1870ರ ದಶಕದ ಆರಂಭದಲ್ಲಿ ಈಗಿನ ಓಕ್ಲಹೋಮಕ್ಕೆ ಹೋಗಬೇಕಾಯಿತು. ಮೊದಲ ಚಳಿಗಾಲದಲ್ಲಿ ನಿಕೋಡೆಮಸ್ ಹಸಿದಿದ್ದಾಗ, ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟರೆಂದು ಆ ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ನೆಲ ಕಳೆದುಕೊಂಡವರು ನೆಲ ಹುಡುಕಿ ಬಂದವರಿಗೆ ಉಣಿಸಿದ ಈ ಸಂಗತಿಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ.

ಪ್ರಶ್ನೆ: ಮಗಳು ಕನ್ಸಾಸ್ ಸಿಟಿಯಲ್ಲಿದ್ದಾಳೆ. ಆ ಊರು ಈಗಲೂ ಇದೆಯೇ, ನೋಡಬಹುದೇ?
(ಓದುಗರೊಬ್ಬರು, ಹೊಸನಗರ)

ಉತ್ತರ: ಇದೆ, ತೀರ ಚಿಕ್ಕದಾಗಿದೆ. 1888ರಲ್ಲಿ ರೈಲುಹಳಿ ನದಿಯ ಆಚೆ ದಡದಲ್ಲಿ ಬೋಗ್ ಎಂಬ ಊರಿನ ಕಡೆ ಹಾದುಹೋಯಿತು, ಅಂಗಡಿಗಳೂ ಅದರ ಹಿಂದೆ ಹೋದವು. 1996ರಿಂದ ಅದು ರಾಷ್ಟ್ರೀಯ ಐತಿಹಾಸಿಕ ತಾಣ. ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್, ಎರಡು ಚರ್ಚು, ಶಾಲೆ, ಹಳೆಯ ಹೋಟೆಲ್ ಕಟ್ಟಡ ಉಳಿದಿವೆ. ಕನ್ಸಾಸ್ ಸಿಟಿಯಿಂದ ಕಾರಿನಲ್ಲಿ ಸುಮಾರು ಐದು ಗಂಟೆ. ಜುಲೈ ಕೊನೆಯಲ್ಲಿ ಹೋಗಲು ಹೇಳಿ. ಆ ವಾರ ದೇಶದ ಮೂಲೆಮೂಲೆಯಿಂದ ಹಳೆಯ ಮನೆತನದವರು ಬಂದು ಕೂಡುತ್ತಾರೆ. ಹೆದ್ದಾರಿಯಲ್ಲಿ ಎಲ್ಲಿಸ್ ಸಿಕ್ಕಾಗ ಅಲ್ಲಿಂದಲೇ ಉತ್ತರಕ್ಕೆ ತಿರುಗಲಿ.